ಶಾಲೆಯ ಗಂಟೆಯಾದ ಹಳಿಯ ತುಂಡು

ನಾನು ಒಂದು ರೈಲು ಹಳಿಯ ತುಂಡು. ಹುಟ್ಟಿದ್ದು ಸಮುದ್ರದಾಚೆ, ಬಿಳಿಯರ ಕುಲುಮೆಯಲ್ಲಿ. ಗದಗಿನ ಕಡೆಯ ಹತ್ತಿಯನ್ನೆಲ್ಲ ಬಂದರಿಗೆ ಹೊತ್ತೊಯ್ಯಲು ನನ್ನನ್ನು ಇಲ್ಲಿ ಹಾಸಿದರು. ಆಗ ಬೆನ್ನು ನೋಯುತ್ತಿತ್ತು ನಿಜ, ಆದರೆ ಯಾರ ಶಾಪವೂ ತಟ್ಟುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಹಳೆಯ ಹಳಿ ಕಿತ್ತರು. ಊರಿನ ಹೊಸ ಹೈಸ್ಕೂಲಿನವರು ನನ್ನನ್ನು ಮೊಳದುದ್ದ ಕತ್ತರಿಸಿ, ತೂತು ಕೊರೆದು ಬೇವಿನ ಮರಕ್ಕೆ ನೇತುಹಾಕಿದರು. ಮುಂದೆ ಆ ಶಾಲೆಗೆ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರ ಸಿಕ್ಕಿತು. ಪೇಢೆ ಹಂಚಿದರು. ಹೆಡ್‌ಮಾಸ್ತರ ಇಟಗಿಯ ಎದೆ ಅಂದು ಉಬ್ಬಿದ್ದು ಮತ್ತೆ ಇಳಿಯಲೇ ಇಲ್ಲ.

"ನಮ್ಮಲ್ಲಿ ದೊರಿಗಳ ಕಾಲದ ಶಿಸ್ತು. ಪರೀಕ್ಷೆಯೊಳಗ ಗಡಿಯಾರ ನೋಡಂಗಿಲ್ಲ. ಗಂಟಿ ಹೊಡದಿದ್ದೇ ಟೈಮು" ಎನ್ನುತ್ತಿದ್ದ.

ದೊರೆಗಳು ಹೋಗಿ ಎಷ್ಟೋ ಕಾಲವಾಗಿತ್ತು. ಈ ಮನುಷ್ಯ ಇನ್ನೂ ಅವರಿಗೇ ಸಲಾಮು ಹೊಡೆಯುತ್ತಿದ್ದ. ಥೂ!

ಒಂದು ವರ್ಷ ನಿಂಬೆವ್ವ ಎಂಬ ಹುಡುಗಿ ಗಣಿತಕ್ಕೆ ಮತ್ತೆ ಕೂತಿದ್ದಳು. ಪಾಸಾದರೆ ನರ್ಸ್ ತರಬೇತಿ, ಇಲ್ಲವಾದರೆ ಗುಜರಿ ಅಂಗಡಿಯ ಸೋದರಮಾವನ ಜೊತೆ ಮದುವೆ. ನನ್ನ ಕೆಳಗೇ ನಿಂತು ಅವಳ ಅವ್ವ ಇದನ್ನು ಹೇಳಿ ಕಣ್ಣೊರೆಸಿಕೊಂಡಿದ್ದಳು.

ಪರೀಕ್ಷೆ ನಡೆಯುತ್ತಿದ್ದಾಗಲೇ ಆಡಳಿತ ಮಂಡಳಿ ಅಧ್ಯಕ್ಷರ ತಂದೆ ಸತ್ತ ಸುದ್ದಿ ಬಂತು. ಮಣ್ಣಿಗೆ ಎಲ್ಲರಿಗಿಂತ ಮೊದಲು ಹೋಗಿ ಮುಖ ತೋರಿಸಬೇಕಲ್ಲ! ಇಟಗಿ ಓಡಿಬಂದು ಜವಾನ ಹುಸೇನಪ್ಪನಿಗೆ, "ಕಡೀ ಗಂಟಿ ಬಾರಸು" ಎಂದ.

"ಇನ್ನಾ ಅರ್ಧ ತಾಸು ಐತಲ್ರಿ ಸರ?"

"ಹೇಳಿದಷ್ಟ ಮಾಡಲೇ!"

ಬಡಿದರು. ನಾನು ಬಾಯಿ ಮುಚ್ಚಿಕೊಳ್ಳಲು ಬರುವಂತಿದ್ದರೆ ಮುಚ್ಚಿಕೊಳ್ಳುತ್ತಿದ್ದೆ.

ಒಳಗಿದ್ದ ಪರವೂರ ಮಾಸ್ತರ ಪೇಪರು ಕಿತ್ತುಕೊಳ್ಳತೊಡಗಿದ. ಉಳಿದವರು ಗೊಣಗುತ್ತ ಕೊಟ್ಟರು. ನಿಂಬೆವ್ವ ಮಾತ್ರ ಬಿಡಲಿಲ್ಲ.

"ನಿಮ್ಮ ವಾಚ್ ನೋಡ್ರಿ ಸರ! ಕಡೀ ಲೆಕ್ಕ ಬರತೈತ್ರಿ ನನಗ!"

"ಗಂಟಿ ಆತಿಲ್ಲೊ? ಮುಗೀತು ತಂಗಿ."

ಪೇಪರು ಹರಿಯುವುದೊಂದು ಬಾಕಿ. ಕಿತ್ತುಕೊಂಡು ಕಟ್ಟು ಕಟ್ಟಿದರು. ಪರೀಕ್ಷೆ ಸುಸೂತ್ರವಾಗಿ ನಡೆಯಿತೆಂದು ಮೇಲಕ್ಕೆ ವರದಿ ಹೋಯಿತು. ಅವಳು ನಪಾಸಾದಳು, ಆಷಾಢಕ್ಕೆ ಮುಂಚೆಯೇ ಮದುವೆಯೂ ಆಯಿತು. ಇಟಗಿಗೆ ಆದರ್ಶ ಮುಖ್ಯೋಪಾಧ್ಯಾಯನೆಂದು ಶಾಲು ಹೊದಿಸಿದರು. ಆ ಸಮಾರಂಭಕ್ಕೂ ನನ್ನನ್ನೇ ಬಾರಿಸಿದರು, ದರಿದ್ರದವರು!

ಆಮೇಲೆ ಕರೆಂಟಿನ ಗಂಟೆ ಬಂತು. ನಾನು ಬಚ್ಚಲ ಹಿಂದೆ ತುಕ್ಕು ಹಿಡಿದು ಬಿದ್ದೆ. ಮೊನ್ನೆ ಮುರಿದ ಬೆಂಚುಗಳ ಜೊತೆ ಗುಜರಿಗೆ ಹಾಕಿದರು. ತಕ್ಕಡಿಯ ಪಕ್ಕ ಕೂತವಳು ನಿಂಬೆವ್ವ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಅವಳು ನನ್ನ ತೂತಿನಲ್ಲಿ ಬೆರಳಾಡಿಸಿದಳು. "ನೀ ಇನ್ನಾ ಅದಿ ಏನು?" ಎಂದವಳೇ ಸುತ್ತಿಗೆ ಎತ್ತಿ ಬಲವಾಗಿ ಬಾರಿಸಿದಳು.

ನನಗೆ ಬರುವುದು ಅದೊಂದೇ ದನಿ. ಅದು ಕೇಳಿದ್ದೇ ತಡ, ಅವಳ ಎಡಗೈ ತಕ್ಕಡಿಯ ಮುಂದಿದ್ದ ರದ್ದಿ ಹಾಳೆಯನ್ನು ಗಪ್ಪನೆ ಅದುಮಿ ಹಿಡಿಯಿತು. ಯಾರೂ ಕಿತ್ತುಕೊಳ್ಳಲು ಬಂದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೈ ಸಡಿಲಿಸಿದಳು.

"ಇದನ್ನ ಮೊದಲ ಲಾರಿಗೆ ಹಾಕ್ರಿ, ಕರಗ್ಲಿ" ಎಂದಳು.

ಕರಗಿಸಿ. ಕುಡುಗೋಲು ಮಾಡಿ, ಸೌಟು ಮಾಡಿ, ಬಚ್ಚಲ ಜಾಲರಿಯನ್ನೇ ಮಾಡಿ, ನನ್ನದೇನೂ ತಕರಾರಿಲ್ಲ. ನಿಮಗೆ ಕೈ ಮುಗಿಯುತ್ತೇನೆ, ಗಂಟೆ ಮಾತ್ರ ಮಾಡಬೇಡಿ.