ಶಶಿ ಟೀಚರ್ ಹಾಕಿದ ವಾಯ್ಸ್

ಶಿರ್ತಾಡಿಯ ಆಸುಪಾಸಿನಲ್ಲಿ ಶಶಿಪ್ರಭಾ ಟೀಚರ ಮುಖ ಗೊತ್ತಿಲ್ಲದವರು ಇರಬಹುದು, ಸ್ವರ ಗೊತ್ತಿಲ್ಲದವರು ಇಲ್ಲ. ಇಪ್ಪತ್ತೊಂಬತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಸುಮ್ಮನಿರಿಸಿದ ಸ್ವರ ಅದು. ಕೊರೋನದ ವರ್ಷ ಸರ್ಕಾರದ ಸುತ್ತೋಲೆಗಳೆಲ್ಲ ಗ್ರಾಂಥಿಕ ಕನ್ನಡದಲ್ಲಿ ಬಂದು ಯಾರ ತಲೆಗೂ ಹತ್ತದೆ ಬಿದ್ದಿದ್ದಾಗ, ಅವಳು ಅವನ್ನು ತುಳುವಿನಲ್ಲಿ ಬಿಡಿಸಿ ಹೇಳಿ 'ತಾಯಂದಿರ ಬಳಗ' ಎಂಬ ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಹಾಕಿದಳು. ಸೂಜಿ ಅಂದರೆ ಮಂಚದಡಿಗೆ ಹೋಗುತ್ತಿದ್ದ ಅಜ್ಜಿಯಂದಿರೂ ಅದನ್ನು ಕೇಳಿ ತೋಳು ಚಾಚಿದರು. ಆ ಹೆಮ್ಮೆ ಅವಳಿಗೆ ನಿವೃತ್ತಿಯಾಗಿ ಮೂರು ವರ್ಷವಾದರೂ ಇಳಿದಿರಲಿಲ್ಲ. ಪಿಂಚಣಿಯಿಲ್ಲದ ಕೆಲಸಕ್ಕೆ ಉಳಿದದ್ದು ಅದೊಂದೇ ಅಂತಿಟ್ಟುಕೊಳ್ಳಿ.

ಹಾಗಿರುವಾಗ ಒಂದು ಸೋಮವಾರ ಗ್ರೂಪಿಗೆ ಒಂದು ಮೆಸೇಜ್ ಬಂತು. ಮನೆಮನೆಗೆ ಸೆಂಟ್ ಮಾರಲು ಬರುವವರಿದ್ದಾರೆ, ಮೂಸಿ ನೋಡಿ ಅಂತ ಬಾಟಲಿ ಕೊಡುತ್ತಾರೆ, ಮೂಸಿದವರು ಎಚ್ಚರ ತಪ್ಪಿ ಬೀಳುತ್ತಾರೆ, ಕತ್ತು ಕಿವಿಯ ಚಿನ್ನ ಹೋಗುತ್ತದೆ, ಹತ್ತು ಜನರಿಗೆ ಕಳುಹಿಸಿ. ಯಾವ ಊರು, ಯಾವ ದಿನ, ಯಾರು ಬಿದ್ದದ್ದು, ಒಂದೂ ಇಲ್ಲ. ಕೆಳಗೆ ಎಂದಿನಂತೆ, "ಟೀಚರೇ, ಇದು ಎಂತದ್ದು, ಸ್ವಲ್ಪ ಹೇಳಿ" ಎಂಬ ಬೇಡಿಕೆ.

ನಮ್ಮ ಕಡೆ ಒಂದು ವಿಷಯ ಉಂಟು. ಕನ್ನಡದಲ್ಲಿ ಓದಿದ್ದು ಪೇಪರಿನ ಸುದ್ದಿ, ಎಲ್ಲೋ ಯಾರಿಗೋ ಆದದ್ದು. ಅದನ್ನೇ ತುಳುವಿನಲ್ಲಿ ಕೇಳಿದರೆ ನೆರೆಮನೆಯಲ್ಲಿ ನಿನ್ನೆ ಆದ ಹಾಗೆ. ಶಶಿಪ್ರಭಾಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಮೆಸೇಜು ಸಪ್ಪೆಯಾಗಿ ಕಂಡಿತು. ಬರೇ 'ಜಾಗ್ರತೆ' ಅಂದರೆ ಯಾರು ಜಾಗ್ರತೆ ಮಾಡುತ್ತಾರೆ? ನರಿಯ ಕತೆ ಹೇಳುವಾಗ ಬಾಲ ಕಾಣಿಸದಿದ್ದರೆ ಮಕ್ಕಳು ಹೆದರುವುದಿಲ್ಲ. ಆದ್ದರಿಂದ ಅವಳು ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ತನ್ನ ಕೈಯಿಂದಲೇ ಬಾಲ ಸೇರಿಸಿದಳು: "ಗಂಡಸರೇ ಆಗಬೇಕೆಂದಿಲ್ಲ, ಪ್ರಾಯದ ಹೆಂಗಸರೂ ಇರಬಹುದು. ತಲೆಗೆ ಬಿಳಿ ಬಟ್ಟೆ, ಹೆಗಲಲ್ಲಿ ದೊಡ್ಡ ನೀಲಿ ಚೀಲ. 'ಹೇಗಿದ್ದಿ ಮಗಾ' ಅಂತ ಪ್ರೀತಿಯಿಂದಲೇ ಮಾತಾಡ್ತಾರೆ. ಮರುಳಾಗಬೇಡಿ."

ಸೆಂಟ್ ಮಾರುವವರು ಅಂದಾಗ ಅವಳ ಕಣ್ಣಿಗೆ ಬಂದದ್ದು ಒಬ್ಬಳೇ. ಗುರುವಾಯನಕೆರೆಯ ರುಖಿಯಮ್ಮ. ಅಳಿಯ ಕೊಲ್ಲಿ ದೇಶದಿಂದ ಕಳುಹಿಸುವ ಅತ್ತರು, ಸಾಬೂನು, ನೋವಿನ ಎಣ್ಣೆಗಳನ್ನು ನೀಲಿ ಚೀಲದಲ್ಲಿ ಹೊತ್ತು, ತಿಂಗಳಿಗೆರಡು ಸಲ ಬಸ್ಸಿನಲ್ಲಿ ಬಂದು ಮನೆಮನೆ ಹತ್ತುವ ಮುದುಕಿ. ಹನ್ನೆರಡು ವರ್ಷದಿಂದ ಶಶಿಪ್ರಭಾಳ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿದವಳು. ಅವಳು ಕಳ್ಳಿ ಎಂದು ಶಶಿಪ್ರಭಾ ಯಾವತ್ತೂ ಯೋಚಿಸಿದವಳಲ್ಲ, ವಾಯ್ಸ್ ಹಾಕುವಾಗಲೂ ಯೋಚಿಸಲಿಲ್ಲ. ಚಿತ್ರ ಬೇಕಿತ್ತು, ಹತ್ತಿರ ಇದ್ದದ್ದನ್ನು ತೆಗೆದುಕೊಂಡಳು, ಅಷ್ಟೆ. ಆ 'ಅಷ್ಟೆ'ಯೇ ಆಮೇಲೆ ಅವಳನ್ನು ತಿಂದದ್ದು.

ವಾಯ್ಸ್ ಸಂಜೆಯೊಳಗೆ ಮೂಡುಬಿದಿರೆ ದಾಟಿತು. ಬುಧವಾರ ಬಂಟ್ವಾಳದಲ್ಲಿರುವ ತಂಗಿ ಅದನ್ನು ಅವಳಿಗೇ ಕಳುಹಿಸಿ, "ಅಕ್ಕ, ಇದು ನಿನ್ನ ಸ್ವರದ ಹಾಗೆ ಉಂಟಲ್ಲ?" ಎಂದು ಕೇಳಿದಳು. ಶಶಿಪ್ರಭಾಳಿಗೆ ಒಳಗೊಳಗೆ ಖುಷಿಯಾಯಿತು. ಹೌದು ಎಂದು ದೊಡ್ಡದಾಗಿ ಬರೆದಳು.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಗ್ರೂಪಿಗೆ ಒಂದೂವರೆ ನಿಮಿಷದ ವಿಡಿಯೋ ಬಂತು. ಮಿಜಾರಿನ ಹತ್ತಿರದ ಯಾವುದೋ ಮನೆಯ ಅಂಗಳ, ಗೇಟು ಹಾಕಿದೆ. ನಡುವೆ ರುಖಿಯಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ. ನೀಲಿ ಚೀಲವನ್ನು ಕವುಚಿ ಹಾಕಿದ್ದಾರೆ, ಬಾಟಲಿಗಳು ಸಿಮೆಂಟಿನ ಮೇಲೆ ಉರುಳಿವೆ. ಸುತ್ತ ಹೆಂಗಸರು. "ಇದನ್ನು ಮೂಸು. ಆಯ್ತಾ? ಈಗ ಇದನ್ನು. ನೀನೇ ಮೂಸು, ನೋಡುವ ಬೀಳ್ತೀಯಾ ಅಂತ." ಮುದುಕಿ ಒಂದೊಂದೇ ಮುಚ್ಚಳ ತೆಗೆದು ಮೂಸುತ್ತಿದ್ದಳು. ಸೀನು ಬಂತು, ಕಣ್ಣಲ್ಲಿ ನೀರು ಬಂತು. ಯಾರೋ ನಕ್ಕರು. ಅಷ್ಟರಲ್ಲಿ ಒಬ್ಬಳು ತನ್ನ ಮೊಬೈಲಿನಲ್ಲಿ ಏನೋ ಹಾಕಿದಳು. ಶಶಿಪ್ರಭಾಳದ್ದೇ ಸ್ವರ. ನೀಲಿ ಚೀಲ ಎಂಬಲ್ಲಿಗೆ ನಿಲ್ಲಿಸಿ, "ಸರಿ ಉಂಟಲ್ಲ, ನೋಡಿ" ಎಂದಳು.

ವಿಡಿಯೋದ ಕೆಳಗೆ ಆಗಲೇ ಹದಿನಾರು ಮಂದಿ ಬರೆದಿದ್ದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದಾ ಅಂತ ಒಬ್ಬಳು. ಟೀಚರು ಹೇಳದಿದ್ದರೆ ನಾವು ಹಾಳಾಗ್ತಿದ್ದೆವು ಅಂತ ಇನ್ನೊಬ್ಬಳು, ಕೈಮುಗಿದ ಚಿತ್ರದ ಜೊತೆ. ಶಶಿಪ್ರಭಾ ತನ್ನ ಸೋಮವಾರದ ವಾಯ್ಸನ್ನು ಹುಡುಕಿ ಒತ್ತಿ ಹಿಡಿದಳು. ದಿನ ಕಳೆದಿದ್ದರಿಂದ ಎಲ್ಲರ ಫೋನಿನಿಂದ ಅಳಿಸಲು ಆಗಲಿಲ್ಲ. ಅವಳ ಫೋನಿನಿಂದ ಮಾತ್ರ ಅಳಿಸಬಹುದಿತ್ತು. ಅಳಿಸಿದಳು. ಯಾರಿಗಾಗಿ ಅಳಿಸಿದೆನೆಂದು ಕೇಳಿಕೊಂಡಾಗ ಇನ್ನಷ್ಟು ಹೇಸಿಗೆಯಾಯಿತು.

ಗಂಡ ಕಮಲಾಕ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಮನುಷ್ಯ, ಗಿರಾಕಿಯ ಬಿಲ್ ಮುಗಿಸಿದಷ್ಟೇ ಬೇಗ ಜಗಳಗಳನ್ನೂ ಮುಗಿಸಿ ರೂಢಿ. "ನೀನು ಹೆಸರು ಹೇಳಿಲ್ಲ ಅಲ್ಲವಾ ಮಾರಾಯ್ತಿ. ಮತ್ತೆಂತಕ್ಕೆ ತಲೆಬಿಸಿ? ಆಮೇಲೆ ಪೊಲೀಸರು ಬಂದು ವಿಚಾರಿಸಿ ಅವಳನ್ನು ಬಿಟ್ಟು ಕಳಿಸಿದ್ದಾರಂತೆ. ನಾಲ್ಕು ದಿನ ಸುಮ್ಮನಿರು."

"ಹೆಸರು ಒಂದು ಬಿಟ್ಟು ಎಲ್ಲ ಹೇಳಿದ್ದೇನೆ," ಎಂದಳು ಅವಳು.

ತಂಗಿ ಪುನಃ ಕೇಳಿದಳು, "ಅಕ್ಕ, ಆ ವಿಡಿಯೋದಲ್ಲಿ ನಿನ್ನ ಸ್ವರ?" ಈ ಸಲ ಶಶಿಪ್ರಭಾ ಬರೆದದ್ದು ಬೇರೆ: "ಅಲ್ಲ, ಯಾರದ್ದೋ. ಹಾಗೆ ಕೇಳಿಸುವುದು." ಕಳುಹಿಸಿಯೂ ಆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಹೆಂಗಸು ಇವಳೇ.

ಮರುದಿನ ಬೆಳಿಗ್ಗೆ ಗಂಡನಿಗೆ ಹೇಳದೆ ಗುರುವಾಯನಕೆರೆಯ ಬಸ್ಸು ಹತ್ತಿದಳು. ವೇಣೂರು ಬರುವ ತನಕ ಬಾಯಲ್ಲಿ ಒಂದು ಮಾತು ಜೋಡಿಸಿಟ್ಟುಕೊಂಡಿದ್ದಳು. ಇಳಿದು, ಕೇಳುತ್ತ ಕೇಳುತ್ತ ಮಸೀದಿಯ ಹಿಂದಿನ ಹೆಂಚಿನ ಮನೆ ಮುಟ್ಟುವಾಗ ಅದು ಮರೆತೇ ಹೋಗಿತ್ತು.

ಬಾಗಿಲು ತೆರೆದದ್ದು ಮಗಳು ಖದೀಜ. ಕುರ್ಚಿ ಎಳೆದು ಹಾಕಿದಳು. ಒಳಗಿನಿಂದ ರುಖಿಯಮ್ಮ ಬಂದು, "ಟೀಚರ್? ಇಷ್ಟು ದೂರ ಬಂದಿರಾ? ಖದೀ, ನೀರು ಕೊಡು," ಎಂದಳು. ಮೂಗಿನ ತುದಿ ಕೆಂಪಾಗಿ ಸುಲಿದಿತ್ತು. ಮನೆಯಲ್ಲಿ ಅತ್ತರಿನ ವಾಸನೆ ಇರಲಿಲ್ಲ.

ಶಶಿಪ್ರಭಾ ನೀರು ಮುಟ್ಟಲಿಲ್ಲ. "ರುಖಿಯಮ್ಮ, ಆ ವಾಯ್ಸ್ ನನ್ನದು. ನಾನೇ ಹೇಳಿದ್ದು. ಚೀಲದ ಬಣ್ಣ, ತಲೆಯ ಬಟ್ಟೆ, ಯಾವುದೂ ಆ ಮೆಸೇಜಿನಲ್ಲಿ ಇರಲಿಲ್ಲ. ನಾನೇ ಸೇರಿಸಿದ್ದು."

"ಗೊತ್ತುಂಟು," ಎಂದಳು ರುಖಿಯಮ್ಮ. "ಆ ಅಂಗಳದಲ್ಲೇ ಗೊತ್ತಾಯ್ತು. ಹನ್ನೆರಡು ವರ್ಷ ಕೇಳಿದ ಸ್ವರ ಅಲ್ಲವಾ?"

ಕ್ಷಮಿಸಿ ಅನ್ನುವುದು ಬಹಳ ಸಣ್ಣ ಮಾತಾಗಿ ಕಂಡಿತು. ಶಶಿಪ್ರಭಾ ಮೊಬೈಲು ತೆಗೆದು, ಅವರಿಬ್ಬರ ಎದುರಿನಲ್ಲೇ ಮಾತಾಡಿದಳು. ತಾನು ಶಶಿಪ್ರಭಾ, ಸೆಂಟಿನ ವಿಷಯ ಸುಳ್ಳು, ನೀಲಿ ಚೀಲದ ಹೆಂಗಸು ರುಖಿಯಮ್ಮ, ಅವಳು ಒಂದು ಸೂಜಿಯನ್ನೂ ಕದ್ದವಳಲ್ಲ, ತಪ್ಪು ತನ್ನದು. ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ ಸ್ವರ ಎರಡು ಕಡೆ ಬಿರಿಯಿತು. ಪುನಃ ಮಾಡುವ ಅಂತ ನೋಡಲಿಲ್ಲ, ಹಾಗೆಯೇ ಬಳಗಕ್ಕೆ ಕಳುಹಿಸಿದಳು, ತಂಗಿಗೂ ಕಳುಹಿಸಿದಳು. ಕಳುಹಿಸಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಆ ಹಗುರದಲ್ಲಿ ಕೇಳಬಾರದ್ದನ್ನು ಕೇಳಿದಳು.

"ಸ್ವರ ಗೊತ್ತಾಗಿದ್ದರೆ ಅಲ್ಲೇ ನನ್ನ ಹೆಸರು ಹೇಳಬಹುದಿತ್ತಲ್ಲ ರುಖಿಯಮ್ಮ. ಈ ಟೀಚರಿಗೆ ಫೋನ್ ಮಾಡಿ ಕೇಳಿ, ನನ್ನ ಗುರ್ತ ಉಂಟು ಅಂತ. ಅಷ್ಟೆಲ್ಲ ಮೂಸುವುದು ತಪ್ಪುತ್ತಿತ್ತು."

ರುಖಿಯಮ್ಮ ತಲೆಯ ಬಟ್ಟೆಯನ್ನು ಸರಿಮಾಡಿಕೊಂಡಳು.

"ಹೇಳಲಿಕ್ಕೆ ಬಾಯಿ ತೆರೆದದ್ದು ಹೌದು," ಎಂದಳು. "ನೀವು ಗುರ್ತ ಇಲ್ಲ ಅಂದರೆ ಅಂತ ಹೆದರಿಕೆ ಆಯ್ತು ಟೀಚರೇ. ಅದಕ್ಕಿಂತ ಮೂಸುವುದೇ ಆಗಬಹುದು ಅಂತ ಕಂಡಿತು."

ಛೆ, ಹಾಗೆ ಹೇಳುತ್ತಿದ್ದೆನಾ ಅನ್ನಬೇಕೆಂದು ಶಶಿಪ್ರಭಾ ಮುಖ ಎತ್ತಿದಳು. ಖದೀಜ ಬಾಗಿಲಿಗೆ ಒರಗಿ ನಿಂತು ಅವಳನ್ನೇ ನೋಡುತ್ತಿದ್ದಳು. ಆ ಶುಕ್ರವಾರ ಫೋನ್ ಬಂದಿದ್ದರೆ ತಾನು ಏನು ಹೇಳುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.