ಎರಡನೆಯ ತೋಟಾ

ಮೊದಲ ಗುಂಡು ಸರಿಯಾಗಿಯೇ ಹೋಯಿತು. ನೂರು ಗಜದಾಚೆ ಮಣ್ಣಿನ ದಿಬ್ಬದ ಮುಂದೆ ನಿಲ್ಲಿಸಿದ್ದ ಕಾಗದದಲ್ಲಿ, ಕಪ್ಪು ವೃತ್ತಕ್ಕಿಂತ ಎರಡು ಬೆರಳು ಎಡಕ್ಕೆ ತೂತು ಬಿತ್ತು. ಶಶಿಧರ ಕೋವಿಯನ್ನು ಭುಜದಿಂದ ಇಳಿಸದೆ ಬೋಲ್ಟಿನ ಹಿಡಿ ಎತ್ತಿ ಹಿಂದಕ್ಕೆಳೆದ. ಖಾಲಿ ತೋಟಾ ಹಾರಿ ಕಾಂಕ್ರೀಟಿನ ಮೇಲೆ ಬಿತ್ತು. ಮತ್ತೆ ಮುಂದಕ್ಕೆ ದೂಡಿದ. ಬೋಲ್ಟು ತನ್ನ ಜೊತೆ ಏನನ್ನೂ ತಾರದೆ, ಬರಿಗೈಯಲ್ಲಿ ಬಂದವರ ಹಾಗೆ ಹಗುರವಾಗಿ ಮುಚ್ಚಿಕೊಂಡಿತು. ತೆರೆದು ನೋಡಿದರೆ ಎರಡನೆಯ ತೋಟಾ ನಳಿಗೆಗೆ ಬಾರದೆ ಕೆಳಗಿನ ಡಬ್ಬಿಯಲ್ಲಿ, ಮ್ಯಾಗಜೀನಿನಲ್ಲಿ, ಇದ್ದಲ್ಲೇ ಇತ್ತು.

ಕಾರಿಗೆ ಬಂದು ಫೋನ್ ಮಾಡಿದ.

"ಎಷ್ಟು?" ಎಂದ ಮಾದಪ್ಪ ಆ ಕಡೆಯಿಂದ.

"ಒಂದೇ."

"ಗಂಡು ಮಗು ಹಾಗಾದರೆ. ಇದು ಎಷ್ಟನೇದು ಮಾರಾಯ?"

"ಆರನೇದು."

"ನಿನಗೆ ಈ ವಯಸ್ಸಲ್ಲಿ ಆರು ಗಂಡು. ಊರಿಗೆಲ್ಲ ಸ್ವೀಟ್ ಹಂಚು," ಎಂದು ನಗಲು ಹೋಗಿ ಮಾದಪ್ಪ ಕೆಮ್ಮಿದ. ಕೆಮ್ಮು ಮುಗಿಯುವವರೆಗೆ ಶಶಿಧರ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಕುಳಿತಿದ್ದ.

ಮಾದಪ್ಪ ಕೊಡವ. ಅವರಲ್ಲಿ ಗಂಡುಮಗು ಹುಟ್ಟಿದರೆ ಮನೆಯ ಮುಂದೆ ನಿಂತು ಒಂದು ಗುಂಡು ಹಾರಿಸುತ್ತಿದ್ದರು. ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಕೇಳಿದವರು ಕೈಕೆಲಸ ಬಿಟ್ಟು ಹೊರಡುತ್ತಿದ್ದರು. ಈಗ ಕಡಲಾಚೆಯ ಸಮರ್‌ಸೆಟ್‌ನ ಮನೆಯ ಹಾಲಿನಲ್ಲಿ, ಸೋಫಾ ಸರಿಸಿ ಹಾಕಿದ ಆಸ್ಪತ್ರೆ ಮಂಚದ ಮೇಲೆ ಮಾದಪ್ಪ ಮಲಗಿದ್ದ. ಮೇದೋಜೀರಕದ ಕ್ಯಾನ್ಸರು ಯಕೃತ್ತಿಗೆ ಹಬ್ಬಿ, ಡಾಕ್ಟರು ಇನ್ನು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಹೇಳತೊಡಗಿದ್ದರು. ಕೊನೆಗಾಲದ ಆರೈಕೆಗೆಂದು ಹಾಸ್ಪಿಸ್‌ನ ನರ್ಸ್ ದಿನ ಬಿಟ್ಟು ದಿನ ಬರುತ್ತಿದ್ದಳು. ಹೆಂಡತಿ ಹೋಗಿ ಎಂಟು ವರ್ಷವಾಗಿತ್ತು. ಮಗಳು ಇಶಾ ಜರ್ಸಿ ಸಿಟಿಯ ಕೆಲಸಕ್ಕೆ ರಜೆ ಹಾಕಿ ಬಂದು ತಂದೆಯ ಜೊತೆಗಿದ್ದಳು.

ಮಾದಪ್ಪ ಗೆಳೆಯನಲ್ಲಿ ಕೇಳಿದ್ದು ಒಂದೇ. "ನಾನು ಹೋದ ಮೇಲೆ ನನ್ನ ಕೋವಿಯಲ್ಲೇ ಹೊಡೀಬೇಕು. ಆಕಾಶಕ್ಕೆ ಬೇಡ, ಇಲ್ಲಿ ನಿನ್ನನ್ನ ಒಳಗೆ ಹಾಕ್ತಾರೆ. ಕ್ಲಬ್ಬಿನ ದಿಬ್ಬಕ್ಕೆ ಹೊಡಿ, ಸಾಕು. ಆದರೆ ಎರಡು. ನಡುವೆ ನಿಂತು ಜೇಬಲ್ಲಿ ಹುಡುಕಬೇಡ. ತಡ ಆದರೆ ಅದು ಸಾವಲ್ಲ, ಅವಳಿ ಮಕ್ಕಳು."

ಆ ಕೋವಿ ಆಗಿನ್ನೂ ಬಿಡಿಭಾಗಗಳಾಗಿತ್ತು. ನಳಿಗೆ, ಬೋಲ್ಟು, ಮ್ಯಾಗಜೀನಿನ ತಗಡಿನ ಡಬ್ಬಿ ಎಲ್ಲವನ್ನೂ ಮಾದಪ್ಪ ಕೊಂಡು ತಂದದ್ದು. ಇವೆಲ್ಲ ಕೂರುವ ಮರ ಮಾತ್ರ ಅವನೇ ಕೆತ್ತಿದ್ದು. ವಾಲ್‌ನಟ್ ಮರದ ಒಂದು ದಪ್ಪ ಹಲಗೆಯನ್ನು ಗ್ಯಾರೇಜಿನಲ್ಲಿಟ್ಟುಕೊಂಡು ಎರಡು ಚಳಿಗಾಲ ಕೂತು ಕೆತ್ತಿದ್ದ. ಜೋಡಿಸುವ ಹೊತ್ತಿಗೆ ಕಾಯಿಲೆ ಬಂತು. ಕೋವಿಯನ್ನು ಕಾಗದಪತ್ರದ ಪ್ರಕಾರ ಶಶಿಧರನ ಹೆಸರಿಗೆ ಮಾಡಿಸಿಕೊಟ್ಟ. ಶಶಿಧರ ಪ್ಲೇನ್ಸ್‌ಬರೋದ ತನ್ನ ನೆಲಮಾಳಿಗೆಯಲ್ಲಿ ಜೋಡಿಸಿದ.

ಹನ್ನೆರಡು ವರ್ಷದಿಂದ ಇಬ್ಬರೂ ಆ ಶೂಟಿಂಗ್ ಕ್ಲಬ್ಬಿನ ಸದಸ್ಯರು. ಮಾದಪ್ಪ ಹುಟ್ಟಿನಿಂದ ಕೋವಿ ಕಂಡವನು. ಮೈಸೂರಿನ ಅಗ್ರಹಾರದ ಶಶಿಧರನನ್ನು ಎಳೆದು ತಂದವನೂ ಅವನೇ. ಶಶಿಧರ ಇಷ್ಟು ವರ್ಷ ಹೊಡೆದದ್ದು ಒಂದೊಂದೇ ತೋಟಾ ಕೈಯಿಂದ ಇಟ್ಟು ಗುರಿ ನೋಡುವ ಸಣ್ಣ ಕೋವಿಯಲ್ಲಿ. ಮ್ಯಾಗಜೀನಿನ ಕೋವಿ ಅವನಿಗೆ ಹೊಸದು. ಆದರೂ ಅವನು ಅಂಜಲಿಲ್ಲ. ವೈದ್ಯಕೀಯ ಉಪಕರಣಗಳ ಕಾರ್ಖಾನೆಯಲ್ಲಿ ಗುಣಮಟ್ಟದ ವಿಭಾಗದ ಮುಖ್ಯಸ್ಥ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಹುಡುಕುವುದೇ ಇಪ್ಪತ್ತಾರು ವರ್ಷದ ಅನ್ನ.

ಒಂದು ನೋಟ್‌ಬುಕ್ ಇಟ್ಟ. ಗೆರೆ ಎಳೆದ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದು ಅವನ ನೇಮ. ಮ್ಯಾಗಜೀನಿನ ಸ್ಪ್ರಿಂಗನ್ನು ತಿರುವಿ ಹಾಕಿದ್ದೇನೆಯೇ ಎಂದು ನೋಡಿದ, ಇಲ್ಲ. ಹೊಸ ಸ್ಪ್ರಿಂಗ್ ತರಿಸಿ ಹಾಕಿದ. ಬೇರೆ ಕಂಪನಿಯ ತೋಟಾ ತಂದ. ತೋಟಾಗಳನ್ನು ಮೇಲೆತ್ತುವ ಲೋಹದ ಪಟ್ಟಿಯನ್ನು ಉಜ್ಜಿ ನುಣುಪು ಮಾಡಿದ. ವಿಚಿತ್ರವೆಂದರೆ, ನೆಲಮಾಳಿಗೆಯ ಮೇಜಿನ ಮೇಲೆ ಕೋವಿಯನ್ನಿಟ್ಟು, ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಬೋಲ್ಟ್ ಎಳೆದರೆ ಐದಕ್ಕೆ ಐದೂ ಬರುತ್ತಿದ್ದವು. ಕ್ಲಬ್ಬಿನ ರೇಂಜಿನಲ್ಲಿ, ಭುಜಕ್ಕಿಟ್ಟು ಹೊಡೆದ ಮೇಲೆ, ಬರುತ್ತಿರಲಿಲ್ಲ.

ಅಲ್ಲಿ ಪರೀಕ್ಷೆಗೂ ಒಂದು ಕಟ್ಟುಪಾಡಿತ್ತು. ಬದುಕಿರುವವನ ಹೆಸರಲ್ಲಿ ಎರಡು ಹೊಡೆಯಕೂಡದು ಎಂದು ಮಾದಪ್ಪ ಕಟ್ಟುನಿಟ್ಟಾಗಿ ಹೇಳಿದ್ದ. ಒಂದು ಹೊಡೆದು, ಎರಡನೆಯದು ನಳಿಗೆಗೆ ಬಂತೇ ಎಂದು ನೋಡಿ, ಬಂದರೆ ಹೊಡೆಯದೆ ತೆಗೆದಿಡಬೇಕು. ಹೀಗಾಗಿ ಪ್ರತಿ ಶನಿವಾರವೂ ಗಂಡು ಮಕ್ಕಳೇ ಹುಟ್ಟುತ್ತಿದ್ದರು.

ಮೇಜಿನ ಮೇಲೆ ಸರಿ, ಭುಜದ ಮೇಲೆ ತಪ್ಪು. ನಡುವೆ ವ್ಯತ್ಯಾಸವೇನು? ಗುಂಡು ಹಾರಿದಾಗಿನ ಒದೆತ. ಒದೆತಕ್ಕೆ ಲೋಹ ಮರದೊಳಗೆ ತುಸು ಅಲುಗುತ್ತದೆ, ಮರ ಬಿಗಿಯಾಗಿದ್ದರೆ ಡಬ್ಬಿಯನ್ನು ಹಿಸುಕುತ್ತದೆ, ಸ್ಪ್ರಿಂಗ್ ಮೇಲೇಳುವುದಿಲ್ಲ. ತರ್ಕ ಚೊಕ್ಕವಾಗಿತ್ತು. ನೋಟ್‌ಬುಕ್ಕಿನಲ್ಲಿ 'ಮರ' ಎಂದು ಬರೆದು ಶಶಿಧರ ಬಹಳ ಹೊತ್ತು ಅದನ್ನೇ ನೋಡಿದ. ಮರ ಎಂದರೆ ಮಾದಪ್ಪನ ಕೈ.

ಕೇಳಬಹುದಿತ್ತು. ಫೋನ್ ಎತ್ತಿ, ಡಬ್ಬಿಗೆ ಎಷ್ಟು ಜಾಗ ಬಿಟ್ಟಿದ್ದೀಯ ಎಂದು ಒಂದು ಮಾತು. ಆದರೆ ಹೋದ ವಾರವಷ್ಟೇ ಮಾದಪ್ಪ ಗಂಜಿಯ ಚಮಚವನ್ನು ಬಾಯಿಗೆ ತರಲಾರದೆ ಎದೆಯ ಮೇಲೆ ಚೆಲ್ಲಿಕೊಂಡಿದ್ದ. ಇಶಾ ಒರೆಸಿ, "ಇಟ್ಸ್ ಓಕೆ ಅಪ್ಪ" ಎಂದಿದ್ದಳು. ಆ ಕೈಗೆ, ನೀನು ಸರಿಯಾಗಿ ಕೆತ್ತಿಲ್ಲ ಎಂದು ಹೇಗೆ ಹೇಳುವುದು? ಶಶಿಧರ ಹೇಳಲಿಲ್ಲ. ಸಣ್ಣ ಉಳಿ ತೆಗೆದುಕೊಂಡು, ಮ್ಯಾಗಜೀನು ಕೂರುವ ಗೂಡಿನ ಒಳಗೋಡೆಯನ್ನು ಎರಡೂ ಬದಿಯಲ್ಲಿ ಕೆರೆದ. ಎಣ್ಣೆ ಕುಡಿದು ಕಪ್ಪಾಗಿದ್ದ ಮರದೊಳಗಿಂದ ಬಿಳಿಚಿಕೊಂಡ ಹಸಿ ಬಣ್ಣ ಎದ್ದು ಬಂತು. ಪುಡಿಯನ್ನು ಊದದೆ, ಅಂಗೈಗೆ ಬಳಿದುಕೊಂಡು ಕಾಗದದಲ್ಲಿ ಕಟ್ಟಿಟ್ಟ. ಯಾಕೆ ಹಾಗೆ ಮಾಡಿದನೋ ಅವನಿಗೂ ತಿಳಿಯಲಿಲ್ಲ.

ಮುಂದಿನ ಪರೀಕ್ಷೆಗೆ ಶನಿವಾರದವರೆಗೆ ಕಾಯಲಿಲ್ಲ. ಮಾದಪ್ಪನ ಮಾತು ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು. ಗುರುವಾರ ಬೆಳಗ್ಗೆ ರಜೆ ಹಾಕಿ ಹೋದ. ರೇಂಜಿನಲ್ಲಿ ಯಾರೂ ಇರಲಿಲ್ಲ. ದಿಬ್ಬದ ಮೇಲೆ ಅರ್ಧ ಕರಗಿದ ಹಿಮ. ಇಶಾಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟ.

"ಅಪ್ಪ ಕೇಳಿಸ್ಕೋತಿದಾರೆ ಅಂಕಲ್. ಮಾತಾಡಲ್ಲ ಅಷ್ಟೆ. ಗೋ ಅಹೆಡ್."

ಹೊಡೆದ. ಎಳೆದ. ದೂಡಿದ. ಬೋಲ್ಟು ಮತ್ತೆ ಹಗುರವಾಗಿ ಮುಚ್ಚಿಕೊಂಡಿತು. ಕಿವಿಯ ಕವಚ ತೆಗೆದು, "ಇಲ್ಲ ಕಣಮ್ಮ," ಎಂದ.

ಆ ಕಡೆ ಪಿಸುಮಾತು. ಆಮೇಲೆ ಇಶಾ: "ಅಪ್ಪ ಹೇಳ್ತಿದಾರೆ, ಶೂಟ್ ಮಾಡ್ಬೇಡಿ, ಸುಮ್ನೆ ಬೋಲ್ಟ್ ಎಳೀರಿ ಅಂತ. ಭುಜದ ಮೇಲೇ ಇಟ್ಕೊಂಡು. ಫೋನ್ ಹತ್ರ."

ಎಳೆದ. ಮತ್ತೆ ಪಿಸುಮಾತು. ಈಗ ಮಾದಪ್ಪನದೇ ದನಿ, ಉಸಿರಿಗಿಂತ ಸ್ವಲ್ಪ ಹೆಚ್ಚು.

"ಶಶಿ. ಹಿಂದೆ ಬಡಿದ ಸದ್ದೆಲ್ಲಿ?"

"ಯಾವ ಸದ್ದು?"

"ಬೋಲ್ಟ್ ಕೊನೆ ಮುಟ್ಟಿದರೆ ಟಕ್ ಅನ್ನುತ್ತೆ. ನಿನ್ನದು ಅನ್ನಲಿಲ್ಲ. ನೀನು ಪೂರ್ತಿ ಎಳೀತಿಲ್ಲ ಮಾರಾಯ. ಮುಕ್ಕಾಲಿಗೇ ನಿಲ್ಲಿಸ್ತಿದ್ದೀಯ. ಬೋಲ್ಟು ತೋಟಾದ ಹಿಂದಕ್ಕೆ ಹೋದರೆ ತಾನೆ ಅದನ್ನ ತಳ್ಳಿಕೊಂಡು ಬರೋದು? ಕನ್ನಡಕಕ್ಕೆ ಬಡಿಯುತ್ತೆ ಅಂತ ಭಯ ನಿನಗೆ."

ಶಶಿಧರ ಕೋವಿಯನ್ನು ಮತ್ತೆ ಭುಜಕ್ಕಿಟ್ಟ. ಕೆನ್ನೆ ಮರಕ್ಕೆ ತಾಗಿತು. ಬೋಲ್ಟು ಹಿಂದಕ್ಕೆ ಬರುವಾಗ ತನ್ನ ಕೈ ತಾನಾಗಿ ತಡೆಯುವುದು ಈಗ ಗೊತ್ತಾಯಿತು. ಕಣ್ಣು ಮುಚ್ಚಿ ಜಗ್ಗಿದ. ಟಕ್. ಮುಂದಕ್ಕೆ ದೂಡುವಾಗ ಕೈಗೆ ಭಾರ ಹತ್ತಿತು. ಎರಡನೆಯ ತೋಟಾ ಸಲೀಸಾಗಿ ನಳಿಗೆಯೊಳಗೆ ಹೋಗಿ ಕೂತಿತು.

"ಬಂತು," ಎಂದ.

"ಈಗ ಅದನ್ನ ಹೊಡೀಬೇಡ. ನಾನಿನ್ನೂ ಇದ್ದೀನಿ."

ಶಶಿಧರ ಆ ತೋಟಾವನ್ನು ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಮೊದಲು ಹೊಡೆದದ್ದು ಯಾರ ಲೆಕ್ಕಕ್ಕೆ? ಏಳನೇ ಗಂಡಾ?"

"ಅದು ಇಶಾಗೆ," ಎಂದ ಮಾದಪ್ಪ. "ಹೆಣ್ಣು ಅಂತ ಆಗ ಯಾರೂ ಹೊಡೀಲಿಲ್ಲ. ಬಾಕಿ ಇತ್ತು."

"ಅಪ್ಪ, ಸ್ಟಾಪ್," ಎಂದು ಇಶಾ ಹೇಳಿದ್ದು ದೂರದಿಂದ ಕೇಳಿಸಿತು.

ಕಾರಿನಲ್ಲಿ ಕೂತು ಶಶಿಧರ ನೋಟ್‌ಬುಕ್ ತೆರೆದ. ಕಾರಣಗಳ ಸಾಲಿನಲ್ಲಿ ಸ್ಪ್ರಿಂಗ್, ತೋಟಾ, ಪಟ್ಟಿ, ಮರ. ಕೋವಿ ಹಿಡಿದವನ ಹೆಸರೇ ಇರಲಿಲ್ಲ. ಕಾರ್ಖಾನೆಯಲ್ಲಿ ಅವನು ಕೈಕೆಳಗಿನವರಿಗೆ ಬರೆಯಗೊಡದಿದ್ದ ಕಾರಣ ಅದೊಂದೇ: 'ಆಪರೇಟರ್ ತಪ್ಪು.' ಯಂತ್ರದ ಮುಂದೆ ನಿಂತವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸೋಮಾರಿಗಳ ಕೆಲಸ, ಇನ್ನೂ ಆಳಕ್ಕೆ ಹೋಗಿ ಎನ್ನುತ್ತಿದ್ದ. ಆ ಮಾತು ಎಷ್ಟು ಒಳಗಿಳಿದಿತ್ತೆಂದರೆ, ತನ್ನನ್ನೂ ಪಟ್ಟಿಯಿಂದ ಬಿಟ್ಟುಬಿಟ್ಟಿದ್ದ. ಮೇಜಿನ ಮೇಲೆ ಎಳೆಯುವಾಗ ಮುಖ ದೂರವಿತ್ತು, ಕೈ ಹೆದರಲಿಲ್ಲ. ಅಷ್ಟೇ ವ್ಯತ್ಯಾಸ. ಮರದಲ್ಲಿ ಏನೂ ಇರಲಿಲ್ಲ.

ಮರುದಿನ ಸಂಜೆ ಮಾದಪ್ಪನ ಮನೆಗೆ ಹೋದಾಗ, ಲೋಹವನ್ನೆಲ್ಲ ಮನೆಯ ಕಪಾಟಿನಲ್ಲಿ ಬಿಟ್ಟು, ಬರೀ ಮರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದ. ಮಾದಪ್ಪನೇ ಕೇಳಿದ್ದ. ಇಶಾ ದಿಂಬು ಎತ್ತರಿಸಿ, ಮರವನ್ನು ತಂದೆಯ ತೊಡೆಯ ಮೇಲಿಟ್ಟಳು. ಮಾದಪ್ಪ ಕಣ್ಣು ಮುಚ್ಚಿಕೊಂಡೇ ಹಿಂಬದಿಯಿಂದ ಸವರುತ್ತಾ ಬಂದ. ಗೂಡಿನ ಹತ್ತಿರ ಹೆಬ್ಬೆರಳು ನಿಂತಿತು. ಒಳಗೆ ಇಳಿಯಿತು. ಒಂದು ಗೋಡೆ, ಇನ್ನೊಂದು ಗೋಡೆ.

"ಇಲ್ಲಿ ಯಾರು ಕೆರೆದದ್ದು?"

"ನಾನೇ," ಎಂದ ಶಶಿಧರ. "ನಿನ್ನ ಮರ ಬಿಗಿ ಆಗಿದೆ ಅಂದ್ಕೊಂಡೆ."

"ನನ್ನ ಕೇಳಬಾರದಿತ್ತಾ?"

"ಬೇಜಾರು ಮಾಡ್ಕೋತೀಯ ಅಂತ."

ಮಾದಪ್ಪನ ಹೆಬ್ಬೆರಳು ಕೆರೆದ ಜಾಗದಲ್ಲೇ ಆಡುತ್ತಿತ್ತು. "ಕೇಳಿದ್ದರೆ ಹೇಳ್ತಿದ್ದೆ. ಪೋಸ್ಟ್‌ಕಾರ್ಡ್ ದಪ್ಪದಷ್ಟು ಸಂದಿ ಬಿಟ್ಟಿದ್ದೆ ಸುತ್ತಲೂ. ಪೋಸ್ಟ್‌ಕಾರ್ಡ್ ಹಾಕೇ ನೋಡಿದ್ದೆ." ಉಸಿರೆಳೆದುಕೊಂಡ. "ನೋಡು ಶಶಿ, ಮೂರು ತಿಂಗಳಾಯ್ತು, ಯಾರೂ ನನಗೆ ತಪ್ಪು ಅಂತ ಒಂದು ಮಾತು ಹೇಳಿಲ್ಲ. ಗಂಜಿ ಚೆಲ್ಲಿದರೂ ಓಕೆ, ಹಾಸಿಗೆ ಒದ್ದೆಯಾದರೂ ಓಕೆ. ಎಲ್ಲ ಓಕೆ. ನೀನಾದರೂ ಬಂದು ಬಯ್ತೀಯ ಅಂತಿದ್ದೆ. ಮಾದ, ಏನೋ ಕೆತ್ತಿದ್ದೀಯ ದರಿದ್ರ, ಅಂತ. ನಾನು ಇಲ್ಲ ಅನ್ನೋದು, ನೀನು ಹೌದು ಅನ್ನೋದು. ಜಗಳ ಆಡ್ತಿದ್ವಿ ಒಂದು ದಿನ ಪೂರ್ತಿ."

ಇಶಾ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಪಾತ್ರೆ ತೊಳೆದ ಸದ್ದು ಕೇಳಿಸಲಿಲ್ಲ.

ಶಶಿಧರ ತಪ್ಪು ಹುಡುಕುತ್ತಾ ಮರವನ್ನು ಉದ್ದಕ್ಕೂ ನೋಡಿದ. "ಮರದ ಹಿಂಬದಿ ಸ್ವಲ್ಪ ಉದ್ದ ಆಯ್ತು ಕಣೋ," ಎಂದ ಕೊನೆಗೆ. "ನನ್ನ ಭುಜಕ್ಕೆ."

ಮಾದಪ್ಪ ಕಣ್ಣು ತೆರೆದ. "ಅದು ನಿನ್ನ ಭುಜಕ್ಕೆ ಮಾಡಿದ್ದಲ್ಲ," ಎಂದು ಮುಖ ಗಂಟಿಕ್ಕಿದ. ತುಟಿಯ ಒಂದು ಕೊನೆಯಲ್ಲಿ ನಗುವಿತ್ತು. ಮರದ ಮೇಲೆ ಕೈಯಿಟ್ಟುಕೊಂಡೇ ನಿದ್ದೆ ಹೋದ.

ಆಮೇಲೆ ಅವರು ಜಗಳವಾಡಲಿಲ್ಲ. ಅಷ್ಟು ದಿನ ಸಿಗಲಿಲ್ಲ. ಬುಧವಾರ ಮಧ್ಯಾಹ್ನ, ನರ್ಸ್ ಬಂದು ಹೋದ ಅರ್ಧ ಗಂಟೆಗೆ, ಮಾದಪ್ಪ ತೀರಿಕೊಂಡ. ಶುಕ್ರವಾರ ದಹನ.

ಶನಿವಾರ ಇಶಾ ತಾನೂ ಬರುತ್ತೇನೆಂದು ಹೊರಟಳು. ರೇಂಜಿನಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ ಹೊಡೆಯುತ್ತಿದ್ದರು. ಈ ಸದ್ದಿನ ನಡುವೆ ಎರಡು ಗುಂಡು ಯಾರಿಗೆ ಏನು ತಿಳಿಸುತ್ತವೆ ಎಂದು ಶಶಿಧರ ದಿಕ್ಕು ತೋಚದೆ ನಿಂತ. ಇದೊಂದನ್ನು ಅವನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಕೊನೆಗೆ ಹೋಗಿ ರೇಂಜ್ ನೋಡಿಕೊಳ್ಳುವ ಬಿಳಿಗಡ್ಡದ ಮುದುಕನಿಗೆ ಎರಡು ವಾಕ್ಯದಲ್ಲಿ ಹೇಳಿದ. ಮುದುಕನಿಗೆ ಮಾದಪ್ಪ ಗೊತ್ತಿದ್ದ. ಅವನು ಟೋಪಿ ಸರಿಮಾಡಿಕೊಂಡು, ಮೈಕಿನಲ್ಲಿ ಎಲ್ಲರಿಗೂ ನಿಲ್ಲಿಸಲು ಹೇಳಿದ. ಒಬ್ಬೊಬ್ಬರಾಗಿ ಕೋವಿ ತೆರೆದಿಟ್ಟು, ಬೆಂಚು ಬಿಟ್ಟು ಹಿಂದೆ ಸರಿದು ನಿಂತರು.

ಶಶಿಧರ ಎರಡೇ ತೋಟಾ ತುಂಬಿದ. ಮೇಲೊಂದು ಹೊಸದು. ಕೆಳಗಿನದು ಅಂದು ಹೊಡೆಯದೆ ಜೇಬಿಗೆ ಹಾಕಿಕೊಂಡದ್ದು. ಕೆನ್ನೆಯನ್ನು ಮರಕ್ಕೆ ಒತ್ತಿದ. ಹೊಡೆದ. ಕನ್ನಡಕ ಒಡೆದರೆ ಒಡೆಯಲಿ ಎಂದು ಬೋಲ್ಟನ್ನು ಜಗ್ಗಿದ, ಟಕ್ ಎಂದಿತು, ದೂಡಿದ, ಹೊಡೆದ. ಎರಡೂ ಸದ್ದು ಬೋಳು ಮರಗಳ ಮೇಲೆ ಒಂದರ ಹಿಂದೊಂದು ಹೋದವು. ಯಾರೂ ಅವಳಿ ಎನ್ನುವಂತಿರಲಿಲ್ಲ.

ಮುದುಕ ಕಾಯುತ್ತಿದ್ದ. ಬೋಲ್ಟ್ ತೆರೆದು ಕೋವಿ ಖಾಲಿಯೆಂದು ತೋರಿಸುವವರೆಗೆ ಉಳಿದವರು ಬೆಂಚಿಗೆ ಮರಳುವಂತಿಲ್ಲ. ಶಶಿಧರ ಕೋವಿಯನ್ನು ಬೆಂಚಿನ ಮೇಲಿಟ್ಟ. ಹಿಡಿಯ ಮೇಲೆ ಕೈಯಿಟ್ಟ. ಕೈ ಏಳಲಿಲ್ಲ. ಎಳೆದರೆ ಕೊನೆಯದೂ ಹೊರಗೆ ಬಿದ್ದುಬಿಡುತ್ತದೆ.

"ಅಂಕಲ್," ಎಂದಳು ಇಶಾ. ಅವಳು ಈವರೆಗೆ ಯಾವ ಕೋವಿಯನ್ನೂ ಮುಟ್ಟಿದವಳಲ್ಲ. "ನಾನು ಎಳೀಲಾ?"

ಅವನು ಪಕ್ಕಕ್ಕೆ ಸರಿದ. "ಮೇಲೆತ್ತು. ಹಾಂ. ಈಗ ಹಿಂದಕ್ಕೆ." ಅವಳು ಅಳುಕುತ್ತಾ ಎಳೆದು, ಮುಕ್ಕಾಲಿಗೆ ನಿಲ್ಲಿಸಿದಳು. ಖಾಲಿ ತೋಟಾ ಹಾರಿ ಬಿದ್ದು, ಕಾಂಕ್ರೀಟಿನ ಮೇಲೆ ಉರುಳುತ್ತಾ ಅವಳ ಬೂಟಿಗೆ ತಾಗಿ ನಿಂತಿತು.

"ತಪ್ಪು," ಎಂದ ಶಶಿಧರ. "ಪೂರ್ತಿ ಎಳಿಯಮ್ಮ. ಸದ್ದು ಬರೋವರೆಗೆ."

ಅವಳು ಎಳೆದಳು. ಟಕ್ ಎಂದಿತು.