ಗುರುವಾರದ ಮೂರನೆಯ ಪಿರಿಯಡ್

"ನೀವು ಹೊಸದಾಗಿ ಏನೂ ಹೇಳಬೇಕಾಗಿಲ್ಲ, ನೀರಜಾ. ವಾರಾ ವಾರಾ ಆ ಹುಡುಗಿ ಜೊತೆ ಕೂತಿದ್ದೀರಿ. ಹೌದು ಅಂದರೆ ಮುಗೀತು," ಎಂದ ಪ್ರೆಂಟಿಸ್, ಸ್ಟಾಫ್ ರೂಮಿನ ಕೆಟಲ್ಲಿಗೆ ನೀರು ಹಿಡಿಯುತ್ತ.

ಕೆಟಲ್ ಕಾಯುವುದಕ್ಕೆ ಮೊದಲೇ ನೀರಜಾಳ ಮೈ ಕಾಯತೊಡಗಿತು. ಪ್ರೆಂಟಿಸ್ ಡೆಪ್ಯುಟಿ ಹೆಡ್. ಯಾರಿಗೂ ದನಿಯೆತ್ತಿ ಬಯ್ದವನಲ್ಲ; ಬಯ್ದಿದ್ದರೆ ಎಷ್ಟೋ ಸುಖವಿತ್ತು.

"ಇನ್ನೊಂದು ಮಾತು. ಸೆಪ್ಟೆಂಬರಿಗೆ ಗಣಿತ ವಿಭಾಗಕ್ಕೆ ಹೆಡ್ ಬೇಕು. ನಿಮ್ಮ ಹೆಸರು ಮೊದಲಿದೆ," ಎಂದು ಹಲ್ಲು ಕಾಣದಂತೆ ನಕ್ಕು ಅವನು ಹೊರಟುಹೋದ.

ಸಂಜೆ ಕೌನ್ಸಿಲಿನಿಂದ ಒಬ್ಬ ಅಧಿಕಾರಿ ಬರುವವಳಿದ್ದಳು, ಹೊಸ ಗಣಿತ ಶಿಕ್ಷಕಿ ಜಾಹ್ನವಿಯ ತೀರ್ಮಾನ ಮಾಡಲು. ಹೊಸದಾಗಿ ಸೇರಿದ ಶಿಕ್ಷಕರನ್ನು ಒಂದು ವರ್ಷ ತೂಗಿ ನೋಡುವ ನಿಯಮ ಬಂದು ನಾಲ್ಕು ವರ್ಷವಾಗಿತ್ತು. ತೂಕದಲ್ಲಿ ಕಡಿಮೆ ಬಿದ್ದರೆ ಎರಡನೆಯ ಸಲವೆಂಬುದಿಲ್ಲ. ಈಸ್ಟ್ ಹ್ಯಾಮಿನ ಈ ಶಾಲೆಯಷ್ಟೇ ಅಲ್ಲ, ದೇಶದ ಯಾವ ಸರಕಾರಿ ಶಾಲೆಯ ಬಾಗಿಲೂ ಮತ್ತೆ ತೆರೆಯದು. ಅದಕ್ಕೇ ಯೂನಿಯನ್ನಿನವರು ಜಗಳವಾಡಿ ಶಾಲೆಯಿಂದ ಒಂದು ಒಪ್ಪಂದ ಬರೆಸಿಕೊಂಡಿದ್ದರು. ಹೊಸಬರಿಗೊಬ್ಬ ಮೆಂಟರ್ ಇರಬೇಕು. ಮೆಂಟರಿಗೆ ವಾರಕ್ಕೊಂದು ಪಿರಿಯಡ್ ಬಿಡುವು ಕೊಡಬೇಕು, ಹೊಸಬರ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂತು ನೋಡಲು, ನೋಡಿ ತಿದ್ದಲು. ಆ ಪಿರಿಯಡ್ಡನ್ನು ಕವರಿಗೆ, ಎಂದರೆ ರಜೆ ಹಾಕಿದವರ ಕ್ಲಾಸು ಕಾಯುವ ಕೆಲಸಕ್ಕೆ, ಯಾರೂ ಮುಟ್ಟುವಂತಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆಯ ವರ್ಷ ಶುರುವಾಗುತ್ತಲೇ ಮುಟ್ಟಿದರು. ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಹಸಿರು ಮಾರ್ಕರಿನಲ್ಲಿ ಗುರುವಾರ, ಮೂರನೆಯ ಪಿರಿಯಡ್, ನೀರಜಾ. ಮೊದಲು ಯಾರದೋ ಬೆನ್ನುನೋವು, ಆಮೇಲೆ ಯಾರದೋ ಬಾಣಂತನ. "ಇದೊಂದು ವಾರ," ಎನ್ನುತ್ತಿದ್ದ ಪ್ರೆಂಟಿಸ್. ಇದೊಂದು ವಾರ, ಇದೊಂದು ವಾರ ಎಂದೇ ಕ್ರಿಸ್‌ಮಸ್ ಬಂತು, ಈಸ್ಟರ್ ಹೋಯಿತು.

ನೀರಜಾ ಜಗಳ ತೆಗೆಯಲಿಲ್ಲ. ಹುಡುಗಿ ನಮ್ಮವಳೇ ಅಲ್ಲವೇ? ಇಲ್ಫರ್ಡಿನ ಚಂದ್ರಿಕಾರ ಮಗಳು. ಕನ್ನಡ ಬಳಗದ ಯುಗಾದಿಯಲ್ಲಿ ಪಲಾವು ಬಡಿಸುತ್ತ ಬಡಿಸುತ್ತಲೇ ಆಕೆ, "ನೀವಿದ್ದೀರಲ್ಲ, ನಂಗೆ ಧೈರ್ಯ," ಎಂದಿದ್ದರು. ಶಾಲೆಯಲ್ಲಾಗದ್ದು ಮನೆಯಲ್ಲಾಯಿತು. ಪ್ರತಿ ಭಾನುವಾರ ಜಾಹ್ನವಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುವಳು. ನೀರಜಾ ಚಪಾತಿ ಲಟ್ಟಿಸುತ್ತ, ಗದ್ದಲದ ಹುಡುಗರನ್ನು ಎಲ್ಲಿ ಕೂರಿಸಬೇಕು, ಯಾವಾಗ ದನಿ ಇಳಿಸಬೇಕು ಎಂದು ಹೇಳಿಕೊಡುವಳು. ಅವಳದೇ ಮಕ್ಕಳು ಹೋಮ್‌ವರ್ಕ್ ಹಿಡಿದುಕೊಂಡು ಬಾಗಿಲಲ್ಲಿ ಕಾದು ಕಾದು ಟೀವಿಯ ಮುಂದೆ ಹೋಗಿ ಕೂರುವರು. ಒಮ್ಮೆ ಕಾರಿಡಾರಿನಲ್ಲಿ ಪ್ರೆಂಟಿಸನಿಗೆ ಅವಳೇ ಹೆಮ್ಮೆಯಿಂದ ಹೇಳಿದ್ದಳು: "ಚಿಂತೆ ಬೇಡ, ಅವಳು ಮನೆಗೇ ಬರ್ತಾಳೆ."

ಅವನು ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದ. ಈ ವರ್ಷ ಎರಡೇ ಸಲ ಜಾಹ್ನವಿಯ ಕ್ಲಾಸಿಗೆ ಹೋಗಿ, ಎರಡನೆಯ ಸಲ ಹುಡುಗರು ಕ್ಯಾಲ್ಕ್ಯುಲೇಟರ್ ಎಸೆದಾಡುವುದನ್ನು ಕಂಡು, ಈಕೆ ಯೋಗ್ಯಳಲ್ಲ ಎಂದು ನಿರ್ಧರಿಸಿದ್ದ. ಶಾಲೆ ಕೊಡಬೇಕಾದ ಸಹಾಯವನ್ನೆಲ್ಲ ಕೊಟ್ಟಿದೆ. ಮೆಂಟರ್ ವಾರಾ ವಾರಾ ಕೂತಿದ್ದಾರೆ. ಆದರೂ ಹುಡುಗಿ ಕಲಿಯಲಿಲ್ಲ. ಇಷ್ಟು ಸಾಬೀತಾದರೆ ಅವನ ಕೈ ಶುದ್ಧ.

ಬೆಳಿಗ್ಗೆ ಮನೆಯಲ್ಲಿ ಗಂಡ ವಿನಾಯಕ ಶೂ ಕಟ್ಟಿಕೊಳ್ಳುತ್ತ, "ನೀ ಏನ್ ಸುಳ್ಳ ಹೇಳೂದದ ಇದರಾಗ? ವಾರಾ ಬಂದಾಳ, ಉಂಡಾಳ. ಹೌದಂತ ಹೇಳಿ ಬಂದ್ಬಿಡು," ಅಂದಿದ್ದ.

"ಅಂದ್ರ ನನ್ನ ಒಲಿ ಮುಂದ ಕೂತದ್ದಕ್ಕ ಅಕೀ ಕುತಗೀ ಕೊಯ್ತಾರ. ಹೌದನ್ಲೇನು?"

"ಹಂಗಲ್ಲ ಮಾರಾಯ್ತಿ..."

"ಹಂಗೂ ಇಲ್ಲ, ಹಿಂಗೂ ಇಲ್ಲ. ನಿಮ್ಮ ಡಬ್ಬಿ ತಗೊಂಡು ಹೋಗ್ರಿ," ಎಂದು ಮೊಸರನ್ನದ ಡಬ್ಬಿಯ ಮುಚ್ಚಳವನ್ನು ಗುದ್ದಿ ಹಾಕಿದ್ದಳು.

ಊಟದ ಬಿಡುವಿನಲ್ಲಿ ಡೆರೆಕ್ ಸಿಕ್ಕ. ಭೂಗೋಳದ ಮೇಷ್ಟ್ರು, ಶಾಲೆಯ ಯೂನಿಯನ್ ಪ್ರತಿನಿಧಿ. ಟೈ ಮೇಲೆ ಸದಾ ಒಂದು ಚಹದ ಕಲೆ.

"ಒಪ್ಪಂದದಲ್ಲಿ ಅಡುಗೆಮನೆ ಇಲ್ಲ, ನೀರಜಾ," ಎಂದ. "ಮೊದಲನೇ ವಾರವೇ ನೀವು ನನ್ನ ಹತ್ತಿರ ಬಂದಿದ್ದರೆ ನಾನು ಬಾಗಿಲಿಗೆ ಅಡ್ಡ ಮಲಗುತ್ತಿದ್ದೆ. ಈಗ ನೀವು ಪ್ರೀತಿಯಿಂದ ಮಾಡಿದ್ದನ್ನು ಅವರು ತಮ್ಮ ಹೆಸರಿನಲ್ಲಿ ಮಾರುತ್ತಿದ್ದಾರೆ."

ಅವಳಿಗೆ ಅವನ ಮೇಲೂ ಸಿಟ್ಟು ಬಂತು. ನಿಜ ಹೇಳಿದವನ ಮೇಲೆ ಬರುವಂಥದ್ದು.

ಜಾಹ್ನವಿ ಗಣಿತದ ಪುಸ್ತಕಗಳಿಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದಳು. ಕಣ್ಣುಗಳು ಕೆಂಪಾಗಿದ್ದವು.

"ಆಂಟಿ, ನೀವು ಯೆಸ್ ಅಂತಾನೇ ಹೇಳಿ. ಪ್ಲೀಸ್. ನಿಮಗೆ ಪ್ರಾಬ್ಲಮ್ ಆಗೋದು ಬೇಡ. ಆಂಟಿ ಹೆಸರು ಕೆಡಬಾರ್ದು ಅಂತ ಅಮ್ಮಾನೂ ಹೇಳಿದ್ರು."

"ನನ್ನ ಹೆಸರೇನು ಉಪ್ಪಿನಕಾಯಿ ಭರಣಿ ಏನ, ಕೆಡಬಾರ್ದಂತ ಬಟ್ಟಿ ಕಟ್ಟಿ ಇಡ್ಲಿಕ್ಕೆ? ಹೇಳು ನಿಮ್ಮಮ್ಮಗ." ಹುಡುಗಿ ಬೆಚ್ಚಿದ್ದನ್ನು ಕಂಡು ನೀರಜಾ ದನಿ ಇಳಿಸಿದಳು. "ಮಾರಿ ತೊಳಕೋ. ಮತ್ತ ಇನ್ನೊಂದು. ಶಾಲ್ಯಾಗ ನನಗ ಆಂಟಿ ಅನಬ್ಯಾಡ."

"ಸಾರಿ, ಆಂಟಿ."

ಸಂಜೆ ಪ್ರೆಂಟಿಸನ ಕೋಣೆಯಲ್ಲಿ ಕಿಟಕಿ ತೆರೆದಿದ್ದರೂ ಜೂನಿನ ಸೆಕೆ. ಕೌನ್ಸಿಲಿನ ಹೆಂಗಸು ಕನ್ನಡಕವನ್ನು ಹಣೆಗೇರಿಸಿ ಎಲ್ಲರನ್ನೂ ಒಮ್ಮೆ ನೋಡಿದಳು. ಜಾಹ್ನವಿಯ ಪಕ್ಕದಲ್ಲಿ ಡೆರೆಕ್ ಕೂತಿದ್ದ.

"ಇವರಿಬ್ಬರದು ಒಂಥರಾ ಕುಟುಂಬದ ಸಂಬಂಧ," ಎಂದ ಪ್ರೆಂಟಿಸ್. "ಅವರ ಕಡೆ ಅದೊಂದು ಸೊಗಸಾದ ಪದ್ಧತಿ. ಭಾನುವಾರ ಕೂಡ ಬಿಡದೆ ಹೇಳಿಕೊಟ್ಟಿದ್ದಾರೆ. ಇದಕ್ಕಿಂತ ಹೆಚ್ಚಿನ ಸಹಾಯ ಯಾವ ಶಾಲೆ ಕೊಟ್ಟೀತು?"

ಅವರ ಕಡೆ! ನೀರಜಾ ಕುರ್ಚಿಯ ತೋಳನ್ನು ಹಿಡಿದಳು.

"ನೀವು ಈಕೆಯ ಮೆಂಟರ್ ಆಗಿ ವಾರಾ ವಾರಾ ಭೇಟಿಯಾಗಿದ್ದೀರಾ?" ಹೆಂಗಸು ಕೇಳಿದಳು.

"ಇಲ್ಲ. ಒಂದು ವಾರವೂ ಇಲ್ಲ."

ಪ್ರೆಂಟಿಸನ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ.

"ನೀರಜಾ, ನೀವೇ ಹೇಳಿದ್ದಿರಿ, ಮನೆಗೆ..."

"ಮನೆಗೆ ಬಂದಿದ್ದಾಳೆ. ಚಪಾತಿ ತಿಂದಿದ್ದಾಳೆ. ಅದು ನನ್ನ ಹಿಟ್ಟು, ನನ್ನ ಗ್ಯಾಸು, ನನ್ನ ಮಕ್ಕಳ ಭಾನುವಾರ. ಶಾಲೆಯದು ಅದರಲ್ಲಿ ಒಂದು ಚಿಟಿಕೆ ಉಪ್ಪೂ ಇಲ್ಲ. ಶಾಲೆ ಕೊಡಬೇಕಾಗಿದ್ದು ಗುರುವಾರದ ಮೂರನೆಯ ಪಿರಿಯಡ್. ಆ ಹೊತ್ತಿನಲ್ಲಿ ನನ್ನನ್ನು ಎಲ್ಲಿ ನಿಲ್ಲಿಸಿದ್ದಿರಿ ಅಂತ ನೀವೇ ಹೇಳಿ." ಅವಳು ಜಾಹ್ನವಿಯತ್ತ ಕೈ ತೋರಿದಳು. "ಈ ಹುಡುಗಿ ಕ್ಲಾಸಿನಲ್ಲಿ ನಿಂತು ಪಾಠ ಮಾಡಿದ್ದನ್ನು ನಾನು ಇಡೀ ವರ್ಷದಲ್ಲಿ ಒಂದು ಸಲವೂ ನೋಡಿಲ್ಲ. ನಾನು ಇವಳ ಮೆಂಟರ್!"

ಜಾಹ್ನವಿ ತಲೆ ತಗ್ಗಿಸಿದ್ದಳು. ಡೆರೆಕ್ ಕೆಮ್ಮಿ, ಒಪ್ಪಂದದ ಮಾತನ್ನು ತಣ್ಣಗೆ ಎತ್ತಿದ. ಕೌನ್ಸಿಲಿನ ಹೆಂಗಸು ಕನ್ನಡಕ ಇಳಿಸಿಕೊಂಡು, ಹೀಗಿದ್ದರೆ ಈ ವರ್ಷವನ್ನು ತೂಗಿ ನೋಡುವ ಹಾಗಿಲ್ಲ, ಹುಡುಗಿಗೆ ಇನ್ನೊಂದು ಟರ್ಮ್ ಸಿಗಬೇಕು ಎಂದು ಬರೆಯುತ್ತೇನೆ, ಅಂದಳು. ಪಾಸೂ ಅಲ್ಲ, ಫೇಲೂ ಅಲ್ಲ. ಕ್ರಿಸ್‌ಮಸ್‌ವರೆಗೆ ಉಸಿರು.

ಹೊರಗೆ ಬಂದಾಗ ಪ್ರೆಂಟಿಸ್ ಮೆತ್ತಗೆ, "ಗಣಿತ ವಿಭಾಗದ ವಿಷಯ ನಿಧಾನವಾಗಿ ನೋಡೋಣ," ಎಂದ.

"ನೋಡೋಣ," ಎಂದಳು ಅವಳು.

ಗುರುವಾರ ಬೋರ್ಡಿನ ಮೇಲೆ ಮತ್ತೆ ಅದೇ ಹಸಿರು. ಮೂರನೆಯ ಪಿರಿಯಡ್, ಎಂಟನೆಯ ಬಿ, ನೀರಜಾ. ಮರೆತು ಬರೆದರೋ ಬೇಕೆಂದೇ ಬರೆದರೋ. ಡಸ್ಟರ್ ಹುಡುಕುವ ತಾಳ್ಮೆ ಅವಳಿಗಿರಲಿಲ್ಲ, ಅಂಗೈಯಿಂದಲೇ ತಿಕ್ಕಿದಳು.

ಜಾಹ್ನವಿಯ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ ಖಾಲಿಯಿತ್ತು. ನೀರಜಾ ಕೂತಳು. ಹುಡುಗರು ತಿರುಗಿ ತಿರುಗಿ ನೋಡಿದರು. ಬರಬರುತ್ತ ಅವಳನ್ನು ಮರೆತರು. ಒಬ್ಬ ಬೆಂಚು ಬಡಿದ, ಇನ್ನೊಬ್ಬ ನಾಯಿಯ ಹಾಗೆ ಬೊಗಳಿದ, ಕ್ಲಾಸೆಲ್ಲ ನಕ್ಕಿತು. ಗದರುವ ಮಾತು ನೀರಜಾಳ ಗಂಟಲಿನವರೆಗೆ ಬಂತು. ಒಂದೇ ಕೂಗಿಗೆ ಇವರನ್ನೆಲ್ಲ ಕೂರಿಸಬಲ್ಲಳು. ಜಾಹ್ನವಿ ಅದಕ್ಕಾಗಿಯೇ ಕಾದವಳಂತೆ ಅವಳತ್ತ ನೋಡಿದಳು.

ನೀರಜಾ ತುಟಿ ಬಿಗಿದು ಕೂತಳು.

ಬಾಗಿಲಿನ ಗಾಜಿನಾಚೆ ಆಫೀಸಿನವಳ ಮುಖ ಕಾಣಿಸಿತು. ಅವಳು ಗಾಜು ಬಡಿದು, ಬನ್ನಿ, ಎಂಟನೆಯ ಬಿ, ಎಂದು ಕೈಸನ್ನೆ ಮಾಡಿದಳು. ನೀರಜಾ ಏಳಲಿಲ್ಲ. ಹಸಿರು ಮೆತ್ತಿದ ಅಂಗೈಯನ್ನು ಡೆಸ್ಕಿನ ಮೇಲೆ ಊರಿ, ಬೋರ್ಡಿನ ಕಡೆ ನೋಡುತ್ತ ಕೂತೇ ಇದ್ದಳು. ಅಲ್ಲಿ ಜಾಹ್ನವಿ ಬರೆಯುವುದನ್ನು ನಿಲ್ಲಿಸಿ, ಮಾರ್ಕರಿನ ಮುಚ್ಚಳ ಹಾಕಿ, ಕೈಕಟ್ಟಿಕೊಂಡು, ಒಂದು ಮಾತೂ ಆಡದೆ ಕ್ಲಾಸಿನತ್ತ ತಿರುಗಿ ನಿಂತಿದ್ದಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೊದಲು ಸುಮ್ಮನಾದಳು.